ಕಾಟ್ಲಾ ಮೀನಿನ ಅಸ್ಥಿಪಂಜರ ಬಿಡಿಯಾಗದಂತೆ ಶುಚಿಗೊಳಿಸುವುದು ಹೇಗೆ?

ಕಾಟ್ಲಾ ಮೀನನ್ನು ಕುದಿಸಿದಾಗ ತಲೆಯ ಮೂಳೆಗಳೆಲ್ಲ ಉದುರಿಹೋದವು, ಅಸ್ಥಿಪಂಜರವನ್ನು ಇಡಿಯಾಗಿ ನಿಲ್ಲಿಸುವ ಬಗೆ ಯಾವುದು ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿದ್ದು, ಸೂಳೆಕೆರೆಯ ಮೀನುಗಳನ್ನು ತಂದು ಇದೇ ಹವ್ಯಾಸ ನಡೆಸುತ್ತಿರುವ ನನ್ನ ಖಚಿತ ಅಭಿಪ್ರಾಯವೆಂದರೆ, ಮೀನನ್ನು ಕುದಿಸಲೇಬಾರದು. ಮೀನಿನ ತಲೆಯಲ್ಲಿ, ಕಿವಿರಿನ ಕಮಾನುಗಳೂ ಸೇರಿ, ನೂರಕ್ಕೂ ಹೆಚ್ಚು ಮೂಳೆಗಳಿದ್ದು, ಅವುಗಳಲ್ಲಿ ಬಹಳಷ್ಟು ಅಸ್ಥಿರಜ್ಜುಗಳ, ಅಂದರೆ ಮೂಳೆಗೆ ಮೂಳೆಯನ್ನು ಬಿಗಿಯುವ ನಾರುಪಟ್ಟಿಗಳ, ಆಧಾರದಿಂದಲೇ ನಿಂತಿರುತ್ತವೆ. ರಜ್ಜುಗಳಲ್ಲಿನ ಕೊಲಾಜೆನ್ ಎಂಬ ಪ್ರೋಟೀನು ಬಿಸಿಗೆ ಜೆಲಾಟಿನ್ ಆಗಿ ಕರಗಿದರೆ ಹಿಡಿದಿಡಲು ಏನೂ ಉಳಿಯುವುದಿಲ್ಲ.

ಮೊದಲು ಚರ್ಮ, ಒಳಾಂಗ ಮತ್ತು ದಪ್ಪ ಮಾಂಸವನ್ನು ಚಾಕುವಿನಿಂದ ತೆಗೆಯಿರಿ. ಉಳಿದುದನ್ನು ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೃದುವಾದ ಹಲ್ಲುಜ್ಜುವ ಬ್ರಷ್ ಹಾಗೂ ಚಿಮುಟದಿಂದ ಬಿಡಿಸಬೇಕು. ಕಾಟ್ಲಾದ ಮಾಂಸದೊಳಗೆ ಬೆನ್ನೆಲುಬಿಗೆ ಅಂಟದ ಕವಲು ಮುಳ್ಳುಗಳು ಹುದುಗಿರುತ್ತವೆ. ಅವುಗಳನ್ನು ಕೈಬಿಟ್ಟರೂ ನಷ್ಟವಿಲ್ಲ.

ತಾಳ್ಮೆ ಬೇಕಾಗುವುದು ತಲೆಗೆ. ಕಿವಿರುಗಳನ್ನು ಎಳೆದು ಬಿಸಾಡಬೇಡಿ. ಕಾಟ್ಲಾ ಸೇರಿದಂತೆ ಗೆಂಡೆ ಜಾತಿಯ ಮೀನುಗಳ ದವಡೆಯಲ್ಲಿ ಹಲ್ಲಿರುವುದಿಲ್ಲ; ಹಲ್ಲುಗಳಿರುವುದು ಗಂಟಲಿನಲ್ಲಿ, ಕಿವಿರಿನ ಐದನೆಯ ಕಮಾನಿನ ಮೂಳೆಯ ಮೇಲೆ. ನನ್ನ ಮಟ್ಟಿಗೆ ಇಡೀ ಅಸ್ಥಿಪಂಜರದಲ್ಲಿ ಅತಿ ಸುಂದರವಾದ ಭಾಗ ಅದೇ, ಆದ್ದರಿಂದ ಅದನ್ನು ಪ್ರತ್ಯೇಕವಾಗಿ ಶುಚಿಗೊಳಿಸಿ ಪಕ್ಕದಲ್ಲಿಯೇ ಪ್ರದರ್ಶಿಸುತ್ತೇನೆ. ಬೆನ್ನೆಲುಬಿನ ಮುಂತುದಿಯಲ್ಲಿ ಗಾಳಿಚೀಲದ ಕಂಪನವನ್ನು ಒಳಗಿವಿಗೆ ಸಾಗಿಸುವ ಪುಟ್ಟ ವೇಬರ್ ಮೂಳೆಗಳೂ ಇರುತ್ತವೆ. ಬ್ರಷ್ ಅಲ್ಲಿ ಜೋರಾಗಿ ಆಡಿದರೆ ಅವು ಕಳಚಿ ನೀರಿನೊಂದಿಗೆ ಹೋಗುತ್ತವೆ.

ಕಾಟ್ಲಾದ ಮೂಳೆಗಳಲ್ಲಿ ಕೊಬ್ಬು ಉಳಿದರೆ ತಿಂಗಳುಗಳ ನಂತರ ಹಳದಿ ಎಣ್ಣೆ ಒಸರುತ್ತದೆ. ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರನ್ನು ಆಗಾಗ ಬದಲಿಸುತ್ತಾ ಅದರಲ್ಲಿ ನೆನೆಸುವುದೇ ಇದಕ್ಕೆ ಪರಿಹಾರ. ಬಿಳುಪಿಗೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಅದರಲ್ಲೂ ಹೆಚ್ಚು ಹೊತ್ತು ಬಿಟ್ಟರೆ ರಜ್ಜು ಸಡಿಲವಾಗುತ್ತದೆ. ಬ್ಲೀಚಿಂಗ್ ಪುಡಿ ಮೂಳೆಯನ್ನೇ ತಿನ್ನುವುದರಿಂದ ಅದು ಬೇಡವೇ ಬೇಡ.

ರಜ್ಜುಗಳು ಒದ್ದೆಯಾಗಿರುವಾಗಲೇ ಅಸ್ಥಿಪಂಜರವನ್ನು ಥರ್ಮಾಕೋಲ್ ಹಲಗೆಯ ಮೇಲಿಟ್ಟು, ಗುಂಡುಸೂಜಿಗಳಿಂದ ಬೇಕಾದ ಭಂಗಿಗೆ ತಂದು, ರೆಕ್ಕೆಗಳನ್ನು ರಟ್ಟಿನ ನಡುವೆ ಹರಡಿ ನೆರಳಿನಲ್ಲಿ ಒಣಗಿಸಬೇಕು. ನಮ್ಮ ಬೇಸಿಗೆಯ ಬಿಸಿಲಿಗೆ ಇಟ್ಟರೆ ತೆಳು ಮೂಳೆಗಳು ಸೊಟ್ಟಗಾಗುತ್ತವೆ. ಒಣಗಿದ ಬಳಿಕ ಬೆನ್ನುಹುರಿಯಿದ್ದ ಕಾಲುವೆಯಲ್ಲಿ ತೆಳು ಹಿತ್ತಾಳೆ ತಂತಿ ತೂರಿಸಿ, ಸಡಿಲವಾದ ಕಡೆ ಫೆವಿಕಾಲ್ ಹಚ್ಚಿ. ಒಣಮೀನಿಗೆ ಬೀಳುವ ಹುಳು ಇದನ್ನೂ ಬಿಡದು, ಹೀಗಾಗಿ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿಯೇ ಇಡಿ.