ಪೇಂಟ್ ನೋಡಿ ವಯಸ್ಸು ಹೇಳ್ಬೇಡಿ

ಪತ್ರ: ಚೀನಾದ ವ್ಯಾಪಾರ ಮೇಳ ಕ್ಯಾಂಟನ್ ಫೇರ್‌ಗೆ ಹೋದಾಗ ಗುವಾಂಗ್‌ಝೌನಲ್ಲಿ ಸಾನ್‌ಯುವಾನ್ ಅನ್ನೋ ದಾವೋ ಧರ್ಮದ ದೇವಸ್ಥಾನ ನೋಡ್ದೆ ಸಾರ್. 1700 ವರ್ಷ ಹಳೇದು ಅಂತಾರೆ, ಕಂಬಕ್ಕೆಲ್ಲ ಹೊಸ ಪೇಂಟು! ಮತ್ತೆ ಮತ್ತೆ ಕಟ್ಟಿ ಪುರಾತನ ಅನ್ನೋದು ಮೋಸ ಅಲ್ವಾ?
— ಒಬ್ಬ ಓದುಗ, ಕುಂದಾಪುರ

ಸಂಪಾದಕರ ಉತ್ತರ: ನಿಮ್ಮ ಮಾತಲ್ಲಿ ಸ್ವಲ್ಪ ನಿಜ ಇದೆ, ಒಪ್ಕೋತೀನಿ. ಅದು ಶುರುವಾಗಿದ್ದು 319ರಲ್ಲಿ ಅಂತಾರೆ, ಈಗ ಕಾಣೋ ಮುಖ್ಯ ಗುಡಿ ಚೀನಾದ ಕೊನೆಯ ರಾಜವಂಶ ಚಿಂಗ್ ಕಾಲದ್ದು. ಆದ್ರೆ ಮೋಸ ಅಂದ್ರಲ್ಲ, ಅದು ಚುಚ್ತು. ಕುಂದಾಪುರದವರು ನೀವು, 12 ವರ್ಷಕ್ಕೊಮ್ಮೆ ಬ್ರಹ್ಮಕಲಶ ನೋಡಿ ಬೆಳೆದವರು, ಮಾಡಿಗೆ ಹೊಸ ಹಂಚು ಹೊದಿಸಿದ ತಕ್ಷಣ ನಿಮ್ಮೂರ ದೇವಸ್ಥಾನದ ವಯಸ್ಸು ಸೊನ್ನೆ ಆಗುತ್ತಾ? ಪರ್ಲ್ ನದಿಯ ಬಂದರು ಊರು ಅದು, ಸೆಕೆ, ತೇವ, ಗೆದ್ದಲು, ಮೇಲಿಂದ ಚಂಡಮಾರುತ, ಮರದ ಕಟ್ಟಡ ಅಲ್ಲಿ ಉಳೀಬೇಕಂದ್ರೆ ಪ್ರತಿ ತಲೆಮಾರೂ ಕೈ ಹಚ್ಚಲೇಬೇಕು. ನಾನ್‌ಹಾಯ್ ಪ್ರಾಂತ್ಯದ ಅಧಿಕಾರಿ ಬಾವೋ ಜಿಂಗ್ ಯುಯೆಶಿಯು ಗುಡ್ಡದ ಬುಡದಲ್ಲಿ ಕಟ್ಟಿಸಿದಾಗ ಹೆಸರು ಯುಯೆಗಾಂಗ್, ಚಿಂಗ್‌ಗಿಂತ ಮುಂಚಿನ ಮಿಂಗ್ ರಾಜರ ಕಾಲದಲ್ಲಿ ಆಕಾಶ, ಭೂಮಿ, ನೀರಿನ ಮೂರು ಒಡೆಯರ ಹೆಸರಲ್ಲಿ ಸಾನ್‌ಯುವಾನ್ ಆಯ್ತು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಲಿ ಪೆಟ್ಟು ತಿಂತು, ಮತ್ತೆ ಎದ್ದು ನಿಂತ್ಕೊಂತು.

ನನಗೆ ನಿಜವಾದ ಬೇಜಾರು ಬೇರೆ. ಅಲ್ಲಿವರೆಗೆ ಹೋಗಿ ಬಾವೋ ಗು ಬಗ್ಗೆ ಒಂದ್ ಮಾತೂ ಬರೀಲಿಲ್ವಲ್ರೀ ನೀವು! ಆ ಬಾವೋ ಜಿಂಗ್ ಮಗಳು ಆಕೆ, ಜನಕ್ಕೆ ಔಷಧಿ ಕೊಟ್ಟ ತಾಯಿ. ಗುಡ್ಡದಲ್ಲಿ ಬೆಳೆಯೋ ಕೆಂಪು ಕಾಂಡದ ಒಂದು ಸೊಪ್ಪು, ಬೆಂಗಳೂರು ಕಡೆ ಕನಕಾಂಬರದ ಜೊತೆ ಮಾಚಿಪತ್ರೆ ಕಟ್ತಾರಲ್ಲ ಅದರ ನೆಂಟ, ಒಣಗಿಸಿ ಉಂಡೆ ಮಾಡಿ ಬೆಂಕಿ ಹಚ್ಚಿ ಮೈಗೆ ಕಾವು ಕೊಡ್ತಿದ್ದಳಂತೆ. ಆಕೆಯ ಬಾವಿ ಅನ್ನೋ ಬಾವಿ, ಆಕೆಗೆ ಅಂತ ಒಂದು ಗುಡಿ ಇವತ್ತಿಗೂ ಆ ಆವರಣದಲ್ಲೇ ಇವೆ.

ಆಕೆಯ ಗಂಡನ ಹೆಸರು ಗೆ ಹೊಂಗ್, ದೊಡ್ಡ ದಾವೋ ಪಂಡಿತ. ಅವನ ತುರ್ತು ಚಿಕಿತ್ಸೆ ಪುಸ್ತಕದಲ್ಲಿ ಚಳಿಜ್ವರಕ್ಕೆ ಚಿಂಗ್‌ಹಾವೋ ಸೊಪ್ಪನ್ನ ನೀರಲ್ಲಿ ನೆನೆಸಿ, ಹಿಂಡಿ ಕುಡೀರಿ ಅಂತಿದೆ, ಕುದಿಸಿ ಅಂದಿಲ್ಲ. ಅದನ್ನ ಓದಿ, ಬಿಸಿಗೆ ಸೊಪ್ಪಿನ ಸತ್ವ ಹಾಳಾಗುತ್ತೇನೋ ಅಂತ ಹೊಳೆದೇ ಚೀನಾದ ವಿಜ್ಞಾನಿ ಟು ಯೂಯೂ 1971ರಲ್ಲಿ ಬಿಸಿ ಕಮ್ಮಿ ಮಾಡಿ ಈಥರ್‌ನಲ್ಲಿ ಸಾರ ತೆಗೆದ್ರು, ಮಲೇರಿಯಾಗೆ ಆರ್ಟೆಮಿಸಿನಿನ್ ಅನ್ನೋ ಔಷಧಿ ಸಿಕ್ತು, 2015ರಲ್ಲಿ ನೊಬೆಲ್ ಬಂತು. ಅದೇ ಪುಸ್ತಕದಲ್ಲಿ ಕಾವು ಕೊಡೋ ಚಿಕಿತ್ಸೆಗಳೂ ರಾಶಿ ಇವೆ, ಅವೆಲ್ಲ ಹೆಂಡತಿ ಕೈಗುಣ ಅಂತ ಹೇಳೋರು ಚೀನಾದಲ್ಲೇ ಇದ್ದಾರೆ, ನಾನೂ ನಂಬ್ತೀನಿ. ಆದ್ರೆ ಆಕೆ ಬರೆದದ್ದು ಅಂತ ಒಂದು ಹಾಳೆನೂ ಉಳಿದಿಲ್ಲ.

ನಮ್ಮಜ್ಜಿ ಸರ್ಪಸುತ್ತಿಗೆ, ಬಾಣಂತಿ ಸೊಂಟನೋವಿಗೆ ಸೊಪ್ಪು ಅರೆದು ಅರೆದು ಕೈ ಸವೆಸಿದ್ಲು, ಊರವರು ಪಂಡಿತರು ಅಂತಿದ್ದದ್ದು ಅಜ್ಜನಿಗೆ. ಅಜ್ಜಿ ತೀರ್ಕೊಂಡ್ಮೇಲೆ ಆ ಲೇಪಕ್ಕೆ ಏನೇನು ಹಾಕ್ತಿದ್ಲು ಅಂತ ಹೇಳೋರೇ ಇರಲಿಲ್ಲ, ನಾನೂ ಕೇಳಿ ಬರ್ಕೊಂಡಿರಲಿಲ್ಲ, ಆ ಸಂಕಟ ಇನ್ನೂ ಹೋಗಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅವರ ಹೆಸರು ನಾಡಿಗೆ ಗೊತ್ತಾಯ್ತು, ಉಳಿದ ಸಾವಿರಾರು ಅಜ್ಜಿಯರದ್ದು? ನಮ್ಮ ಇತಿಹಾಸ ಬರೆಯೋರು ಶಾಸನದಲ್ಲಿ ಹೆಸರಿದ್ದವರನ್ನ ಬಿಟ್ಟು ಆಚೆ ನೋಡೋದೇ ಇಲ್ಲ.

ಮುಂದಿನ ಫೇರ್‌ಗೆ ಹೋದಾಗ ಅರ್ಧ ದಿನ ಬಿಡುವು ಮಾಡ್ಕೊಂಡು ಮತ್ತೆ ಹೋಗಿ ಸ್ವಾಮಿ. ಆ ಬಾವಿ ಫೋಟೋ ಕಳ್ಸಿ, ಪತ್ರಿಕೆಲಿ ದೊಡ್ಡದಾಗೇ ಹಾಕ್ತೀನಿ.