ಹಳೆಯ ಎಂಜಿಬಿಯ ವೈರಿಂಗ್ ಪೂರ್ತಿ ಬದಲಿಸಲೇಬೇಕೆ?

ನಿಮ್ಮದು 1972ರ ಎಂಜಿಬಿ, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ಎಡಗಡೆಯ ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ಅದರ ತಾಳಕ್ಕೆ ಕುಣಿಯುತ್ತದೆ, ಹೆಡ್‌ಲೈಟ್ ಮಂಕಾಗಿದೆ, ಮೆಕ್ಯಾನಿಕ್ ಹಾರ್ನೆಸ್ (ಕಾರಿನ ತಂತಿಗಳ ಇಡೀ ಕಟ್ಟು) ಪೂರ್ತಿ ಬದಲಿಸಿ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಸದ್ಯಕ್ಕೆ ಬದಲಿಸಬೇಡಿ. ನಾನು ಬದಲಿಸಿ ನೋಡಿದವನು, ಅದಕ್ಕೇ ಹೇಳುತ್ತಿದ್ದೇನೆ.

ನನ್ನದೂ ಎಂಜಿಬಿಯೇ, ನಿಮ್ಮದಕ್ಕಿಂತ ಎರಡು ವರ್ಷ ಹಿರಿಯದು. ರೋಗವೂ ಹೆಚ್ಚುಕಡಿಮೆ ಇದೇ. ಒಂದೊಂದೇ ತಂತಿ ಹಿಡಿದು ಹುಡುಕುವಷ್ಟು ತಾಳ್ಮೆ ಇಲ್ಲದೆ ಹೊಸ ಹಾರ್ನೆಸ್ ತರಿಸಿದೆ. ಮೂರು ವಾರಾಂತ್ಯ ಪೆಡಲ್‌ಗಳ ಕೆಳಗೆ ತಲೆ ತೂರಿಸಿ, ಕಾಲನ್ನು ಸೀಟಿನ ಬೆನ್ನಿಗೆ ಆನಿಸಿ ಮಲಗಿದ್ದೆ. ಕೊನೆಗೊಂದು ರಾತ್ರಿ ಬ್ಯಾಟರಿ ಜೋಡಿಸಿ ಇಂಡಿಕೇಟರ್ ಹಾಕಿದರೆ, ಹಿಂದಿನ ದೀಪ ಏನೂ ನಡೆದೇ ಇಲ್ಲವೆಂಬಂತೆ ಮೊದಲಿನ ಹಾಗೆಯೇ ಮಿಟುಕಿತು. ಮಾರನೆಯ ದಿನ ಡಿಕ್ಕಿಯಲ್ಲಿ ಟಾರ್ಚ್ ಹಿಡಿದು ನೋಡಿದೆ. ಕಪ್ಪು ತಂತಿ ಬಾಡಿಗೆ ಸೇರುವ ಬೋಲ್ಟಿನ ಕೆಳಗೆ ಯಾವ ಕಾಲದಲ್ಲೋ ಬಳಿದ ಬಣ್ಣದ ದಪ್ಪ ಪದರವಿತ್ತು. ಹೊಸ ಹಾರ್ನೆಸ್‌ನ ಹೊಸ ತಂತಿಯನ್ನು ನನ್ನ ಕೈಯಾರೆ ಆ ಬಣ್ಣದ ಮೇಲೆಯೇ ಬಿಗಿದಿದ್ದೆ. ಉಗುರಿನಗಲ ಜಾಗವನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದೆ. ಐದು ನಿಮಿಷದ ಕೆಲಸ.

ಹೀಗಾಗುವುದಕ್ಕೆ ಕಾರಣ ಸರಳ. ದೀಪಕ್ಕೆ ಹೋದ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ಮರಳಬೇಕು. ಆ ದಾರಿ ಮುಚ್ಚಿದ್ದರೆ ಅದು ಸುಮ್ಮನಿರುವುದಿಲ್ಲ, ಪಕ್ಕದ ಬಲ್ಬಿನ ತಂತುವಿನೊಳಗೆ ನುಗ್ಗಿ ಬೇರೆ ದಾರಿ ಹುಡುಕುತ್ತದೆ. ಇಂಡಿಕೇಟರ್ ಜೊತೆ ಕೆಂಪು ದೀಪ ಕುಣಿಯುವುದು ಅದರಿಂದಲೇ. ಇಂಥ ಲಕ್ಷಣ ಕಂಡಾಗ ಮೊದಲ ಅನುಮಾನ ಅರ್ತಿಂಗ್, ಅಂದರೆ ಬಾಡಿಯ ಮೂಲಕ ಮರಳುವ ಈ ದಾರಿಯ ಮೇಲೆ ಇರಬೇಕು.

ಅನುಮಾನವನ್ನು ಅಳೆದು ಖಚಿತಪಡಿಸಿಕೊಳ್ಳಿ. ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಬಲ್ಬಿನ ಲೋಹದ ಕವಚಕ್ಕೆ ಇಡಿ. ಸೊನ್ನೆಯ ಆಸುಪಾಸಿನಲ್ಲಿದ್ದರೆ ಅರ್ತಿಂಗ್ ಸರಿಯಿದೆ. ಒಂದು ವೋಲ್ಟ್, ಎರಡು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ದೀಪ ಆರಿಸಿ ಓಮ್ (ತಂತಿಯ ಪ್ರತಿರೋಧ) ಅಳೆದು ಸಮಾಧಾನಪಟ್ಟುಕೊಳ್ಳಬೇಡಿ. ಒಂದೇ ಒಂದು ಎಳೆ ಉಳಿದ ತಂತಿಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ನಿಮ್ಮ ಕಾರಿನಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ ಇರುವುದರಿಂದ ಮುಂದಿನ ದೀಪಗಳನ್ನು ಅಳೆಯಲು ಉದ್ದನೆಯ ತಂತಿಯೊಂದು ಬೇಕಾಗುತ್ತದೆ.

ಹೆಡ್‌ಲೈಟ್ ವಿಷಯದಲ್ಲಿ ಪಾಸಿಟಿವ್ ಕಡೆಯನ್ನೂ ಹೀಗೆಯೇ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಸೋರಿಹೋಗುತ್ತಿದ್ದರೆ ಸ್ವಿಚ್ಚು, ಡಿಪ್ ಸ್ವಿಚ್ಚು, ಕನೆಕ್ಟರ್‌ಗಳನ್ನು ಒಂದೊಂದಾಗಿ ನೋಡಬೇಕು. 12 ವೋಲ್ಟಿನ ಬಲ್ಬಿಗೆ ಹತ್ತೂವರೆ ಸಿಕ್ಕರೆ ಬೆಳಕು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಒಂದು ಜೊತೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಹಾಕಿಸಿದರೆ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಹಳೆಯ ಸ್ವಿಚ್ಚಿಗೂ ಆಯುಸ್ಸು ಹೆಚ್ಚುತ್ತದೆ. ಹಳೆಯ ಕಾರಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ನಾನು ಯಾರಿಗಾದರೂ ಕಣ್ಣುಮುಚ್ಚಿ ಹೇಳುವುದು ಇದೊಂದೇ.

ಇನ್ನು ಬುಲೆಟ್ ಕನೆಕ್ಟರ್‌ಗಳು. ರಬ್ಬರ್ ತೋಳಿನೊಳಗೆ ಎರಡು ಕಡೆಯಿಂದ ಹಿತ್ತಾಳೆಯ ಗುಂಡು ತೂರಿಸುವ ಈ ಜೋಡಣೆಯನ್ನು ಎಳೆದು ಬಿಚ್ಚಿದರೆ ಒಳಗೆ ಹಸಿರು ಕಿಲುಬು ಕಾಣುತ್ತದೆ. ಗುಂಡನ್ನು ಉಜ್ಜಿ ಮತ್ತೆ ಬಳಸಿ, ರಬ್ಬರ್ ತೋಳನ್ನು ಹೊಸದಾಗಿಯೇ ಹಾಕಿ. ಒಳಗಿನ ಲೋಹ ಒಮ್ಮೆ ಸಡಿಲವಾದರೆ ಮತ್ತೆ ಬಿಗಿ ಹಿಡಿಯುವುದಿಲ್ಲ. ಈ ಕಾರುಗಳಿಗೆ ವಿದ್ಯುತ್ ಸಲಕರಣೆ ಮಾಡುತ್ತಿದ್ದ ಲ್ಯೂಕಾಸ್ ಕಂಪನಿಯನ್ನು ಕತ್ತಲೆಯ ರಾಜಕುಮಾರ ಎಂದು ಗೇಲಿ ಮಾಡುವ ಹಳೆಯ ಜೋಕು ಕೇಳಿರಬಹುದು. ಐವತ್ತು ವರ್ಷದ ಕಿಲುಬಿಗೂ ಹಿಂದಿನ ಮಾಲೀಕರ ಟೇಪಿಗೂ ಆ ಕಂಪನಿ ಹೊಣೆಯೆಂದು ನನಗನ್ನಿಸುವುದಿಲ್ಲ.

ಹಾಗಾದರೆ ಬದಲಿಸುವುದು ಯಾವಾಗ? ಕಂದು ತಂತಿಗಳನ್ನು ನೋಡಿ. ಈ ಬ್ರಿಟಿಷ್ ಕಾರುಗಳಲ್ಲಿ ಕಂದು ಎಂದರೆ ಬ್ಯಾಟರಿಯಿಂದ ನೇರ ಬರುವ, ಫ್ಯೂಸೇ ಇಲ್ಲದ ದಾರಿ. ಇಗ್ನಿಷನ್‌ನ ಬಿಳಿ ತಂತಿಗೂ ಹೆಡ್‌ಲೈಟಿನ ನೀಲಿ ತಂತಿಗೂ ಫ್ಯೂಸ್ ಇಲ್ಲ. ಅವುಗಳಲ್ಲಿ ಎಲ್ಲಾದರೂ ಶಾರ್ಟ್ ಆದರೆ ತಂತಿ ತಾನೇ ಫ್ಯೂಸಾಗಿ ಅಕ್ಕಪಕ್ಕದವನ್ನೂ ಕರಗಿಸುತ್ತದೆ. ಟೇಪ್ ಬಿಚ್ಚಿದಾಗ ತಂತಿಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಬಗ್ಗಿಸಿದಾಗ ಹೊದಿಕೆ ಬಿರಿದರೆ, ಕತ್ತರಿಸುತ್ತ ಹೋದರೂ ತಾಮ್ರ ಕಪ್ಪಾಗಿಯೇ ಬಂದರೆ ರಿಪೇರಿಯ ಮಾತು ಬಿಟ್ಟುಬಿಡಿ. ಹಾನಿ ಒಂದು ಗೇಣಿನಷ್ಟಿದ್ದರೆ ಅದೇ ಬಣ್ಣದ, ಅದೇ ದಪ್ಪದ ತಂತಿ ಸೇರಿಸಿದರೆ ಸಾಕು. ಬೆಸುಗೆ ಹಾಕುವುದಾದರೆ ಆ ಜಾಗ ಅಲುಗಾಡದಂತೆ ಕಟ್ಟಿ, ಏಕೆಂದರೆ ತಂತಿ ಮುರಿಯುವುದು ಬೆಸುಗೆ ಮುಗಿಯುವ ಅಂಚಿನಲ್ಲಿ.

ಫ್ಯೂಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಗಾಜಿನ ಫ್ಯೂಸಿನ ಮೇಲೆ 35 ಆಂಪಿಯರ್ ಎಂದಿದ್ದರೆ ಅದು ಸುಟ್ಟುಹೋಗುವ ಮಿತಿ. ಸತತವಾಗಿ ಹೊರುವುದು 17 ಆಂಪಿಯರ್ ಮಾತ್ರ. ಅದೇ ಸಂಖ್ಯೆ ನೋಡಿ ಈಗಿನ 35ರ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿ ಸುಡುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಅದರ ಜಾಗದಲ್ಲಿ 21 ವ್ಯಾಟಿನ ಬಲ್ಬ್ ಜೋಡಿಸಿ, ಹಾರ್ನೆಸ್ ಅನ್ನು ಅಲ್ಲಲ್ಲಿ ಅಲುಗಾಡಿಸುತ್ತ ಹೋಗಿ. ಶಾರ್ಟ್ ಇರುವವರೆಗೆ ಬಲ್ಬ್ ಪ್ರಖರವಾಗಿ ಉರಿಯುತ್ತದೆ, ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಎಲ್ಲಿ ಅಲುಗಾಡಿಸಿದಾಗ ಮಂಕಾಯಿತೋ ಅಲ್ಲೇ ತೊಂದರೆ.

ಬದಲಿಸಲೇಬೇಕಾಗಿ ಬಂದರೆ ತಯಾರಿಕೆಯ ವರ್ಷವಷ್ಟೇ ಅಲ್ಲ, ಚಾಸಿಸ್ ಸಂಖ್ಯೆ ಕೊಟ್ಟೇ ಹಾರ್ನೆಸ್ ತರಿಸಿ. ಸ್ಟಿಯರಿಂಗ್ ಯಾವ ಕಡೆ, ಓವರ್‌ಡ್ರೈವ್ (ವೇಗದ ಓಟಕ್ಕೆ ಗೇರ್‌ಬಾಕ್ಸಿಗೆ ಸೇರಿಸುವ ಹೆಚ್ಚುವರಿ ಗೇರು) ಇದೆಯೇ ಎಂಬುದನ್ನೂ ಹೇಳಿ. ಮೊದಲು ಬ್ಯಾಟರಿಯ ಅರ್ತ್ ಬಿಚ್ಚಿ. ಪ್ರತಿ ತುದಿಗೂ ಚೀಟಿ ಕಟ್ಟಿ, ಫೋಟೋ ತೆಗೆದುಕೊಳ್ಳಿ. ಹಳೆಯದನ್ನು ಎಳೆಯುವಾಗ ಅದರ ಬಾಲಕ್ಕೆ ಗಟ್ಟಿ ದಾರ ಕಟ್ಟಿದ್ದರೆ ಹೊಸದು ಅದೇ ದಾರಿಯಲ್ಲಿ ಬರುತ್ತದೆ. ಎಂಜಿನ್ ಹಿಂದಿನ ತಗಡಿನ ಗೋಡೆಯನ್ನು ತಂತಿ ದಾಟುವ ಜಾಗದ ರಬ್ಬರ್ ಬಳೆಯನ್ನು ಮರೆಯಬೇಡಿ, ತಗಡಿನ ಅಂಚು ಚಾಕುವಿದ್ದ ಹಾಗೆ. ಅರ್ತಿಂಗ್ ಬೋಲ್ಟಿನ ಕೆಳಗಿನ ಬಣ್ಣವನ್ನು ಉಜ್ಜಬೇಕೆಂದು ಮತ್ತೆ ಹೇಳಬೇಕಿಲ್ಲ.

ಹಳೆಯ ಹಾರ್ನೆಸ್ ಎಸೆಯಬೇಡಿ. ನನ್ನದರ ಹಿಂಭಾಗಕ್ಕೆ ಏನೂ ಆಗಿರಲಿಲ್ಲ. ಬಣ್ಣಕ್ಕೆ ಬಣ್ಣ ಹೊಂದುವ ತಂತಿಯ ತುಂಡು ಬೇಕಾದಾಗಲೆಲ್ಲ ಈಗಲೂ ಅದರಿಂದಲೇ ಕತ್ತರಿಸಿಕೊಳ್ಳುತ್ತೇನೆ.