1971ರ ಯುದ್ಧದ ‘ಬ್ಲ್ಯಾಕ್‌ಔಟ್’ ಅಂದ್ರೆ ಏನು? ಆಗ ಮಕ್ಕಳಾಗಿದ್ದವರಿಗೆ ಹೇಗನಿಸಿತ್ತು?

ಆಗ ನನಗೆ ಎಂಟು ವರ್ಷ, ನಾವಿದ್ದದ್ದು ಮುಂಬೈಯ ಮಾಟುಂಗಾದಲ್ಲಿ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದವು. ಆಮೇಲೆ ರಾತ್ರಿಯಾದರೆ ಊರೆಲ್ಲ ಕತ್ತಲೆ. ಮೇಲಿರುವ ಪೈಲಟ್‌ಗೆ ಊರು ಎಲ್ಲಿದೆ ಅಂತ ಗೊತ್ತಾಗಬಾರದು, ಬ್ಲ್ಯಾಕ್‌ಔಟ್ ಅಂದ್ರೆ ಅಷ್ಟೇ. ಅಪ್ಪ ಕಿಟಕಿ ಗಾಜಿಗೆ ಕಪ್ಪು ಕಾಗದ ಅಂಟಿಸಿದರು, ಅದರ ಮೇಲೆ ಅಡ್ಡಡ್ಡ ಪಟ್ಟಿ ಬೇರೆ, ಬಾಂಬ್ ಬಿದ್ದು ಗಾಜು ಒಡೆದರೂ ಚೂರು ಹಾರಬಾರದು ಅಂತ. ಅಂಟು ಮಾಡಿದ್ದು ಮೈದಾ ಕುದಿಸಿ, ಅದನ್ನು ಕಲಕುವ ಕೆಲಸ ನನ್ನದು. ಕಾರುಗಳ ಹೆಡ್‌ಲೈಟ್‌ಗೂ ಅರ್ಧ ಕಪ್ಪು ಬಣ್ಣ.

ಭಯವಾಗಿತ್ತಾ? ನಿಜ ಹೇಳ್ಬೇಕಂದ್ರೆ ಮಜಾನೇ ಜಾಸ್ತಿ, ಹೋಮ್‌ವರ್ಕ್ ತಪ್ಪುತ್ತಿತ್ತಲ್ವಾ! ಸೈರನ್ ಕೂಗಿದಾಗ ಮಾತ್ರ ಅಮ್ಮನ ಸೆರಗು ಬಿಡುತ್ತಿರಲಿಲ್ಲ.

ಇನ್ನೊಂದು ನೆನಪು, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಪೂರ್ವ ಬಂಗಾಳದಿಂದ, ಅಂದ್ರೆ ಈಗಿನ ಬಾಂಗ್ಲಾದೇಶದಿಂದ, ಓಡಿಬಂದ ನಿರಾಶ್ರಿತರಿಗಾಗಿ ಕಾಗದಕ್ಕೆ 5 ಪೈಸೆಯ ಹೆಚ್ಚುವರಿ ಸ್ಟ್ಯಾಂಪ್ ಹಚ್ಚಬೇಕಿತ್ತು, ಉಡುಪಿಯ ಅಜ್ಜಿಗೆ ಕಳಿಸುವ ಕವರಿಗೂ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಗಾಜಿನ ಮೇಲಿನ ಕಾಗದ ಕೆರೆದು ತೆಗೆಯೋಕೆ ನಮಗೆ ಯುದ್ಧಕ್ಕಿಂತ ಜಾಸ್ತಿ ದಿನ ಹಿಡಿಯಿತು.